ಮಗಳ ಲ್ಯಾಬ್‌ನಲ್ಲಿ ಯುರೇನಿಯಂ: ಉಂಗುರ, ದಾರ, ಗಂಟು

ಪ್ರಶ್ನೆ (ಬಸವನಗುಡಿಯಿಂದ): ಸರ್, ಮಗಳು ಎಂ.ಎಸ್ಸಿ ಮುಗಿಸಿ ಇಲ್ಲೇ ಬೆಂಗಳೂರಿನ ಒಂದು ಲ್ಯಾಬ್‌ಗೆ ಪಿಎಚ್.ಡಿಗೆ ಸೇರಿದ್ದಾಳೆ. ಉಂಗುರದಂಥ ಅಣುವಿಗೆ ದಾರದಂಥ ಅಣು ಪೋಣಿಸಿ, ಅದಕ್ಕೆ ಯುರೇನಿಯಂ ಸೇರಿಸ್ತಾರಂತೆ. ಕೇಳಿದಾಗಿನಿಂದ ನಿದ್ದೆ ಬರ್ತಿಲ್ಲ. ಬೇರೆ ಲೋಹ ಆಗಲ್ವಾ?

ಉತ್ತರ: ಅಮ್ಮಾ, ಕರಿಮಣಿ ಪೋಣಿಸೋದನ್ನು ನೆನಪು ಮಾಡ್ಕೊಳ್ಳಿ. ದಾರದ ತುದಿಗೆ ಗಂಟು ಹಾಕದಿದ್ದರೆ ಮಣಿ ಜಾರಿಹೋಗುತ್ತೆ. ಇಲ್ಲಿ ಮಣಿ ಅಂದರೆ ಕುಕುರ್ಬಿಟ್‌ಯುರಿಲ್, ಕುಂಬಳಕಾಯಿ ಆಕಾರದ ಅಣು. ಹೆಸರು ಬಂದಿದ್ದೂ ಕುಂಬಳದ ಕುಲದಿಂದಲೇ. ಗಂಟು ಯುರೇನಿಯಂ.

ತಾಮ್ರದಿಂದಲೂ ಇಂಥ ಕೆಲಸ ಆಗಿದೆ. 1983ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಸೊವಾಜ್ ತಾಮ್ರವನ್ನು ನಡುವೆ ಇಟ್ಟು, ಸರಪಳಿಯ ಕೊಂಡಿಗಳ ಹಾಗೆ ಎರಡು ಉಂಗುರ ಹೆಣೆದರು. 2016ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಅಲ್ಲಿ ತಾಮ್ರ ಮನೆ ಕಟ್ಟುವಾಗಿನ ಸಾರುವೆ ಇದ್ದ ಹಾಗೆ, ಕೆಲಸ ಮುಗಿದ ಮೇಲೆ ತೆಗೆದುಬಿಡಬಹುದು. ಯುರೇನಿಯಂ ಇಲ್ಲಿ ಕಟ್ಟಡದಲ್ಲೇ ಉಳಿಯುತ್ತೆ. ಎರಡು ಆಕ್ಸಿಜನ್ ಜೊತೆ ಅದು ನೆಟ್ಟಗಿನ ಕೋಲಿನಂತೆ ನಿಲ್ಲುತ್ತೆ. ಕೋಲಿನ ತುದಿಗಳಿಗೆ ಯಾವುದೂ ಸುಲಭವಾಗಿ ಅಂಟಲ್ಲ. ಸೊಂಟದ ಸುತ್ತ ಮಾತ್ರ, ಸೈಕಲ್ ಚಕ್ರದ ಕಡ್ಡಿಗಳ ಹಾಗೆ, ನಾಲ್ಕರಿಂದ ಆರು ಕೈ, ಅಂದರೆ ಬೇರೆ ಪರಮಾಣುಗಳು, ಹಿಡಿಯುತ್ತವೆ. ದಾರಗಳ ತುದಿ ಅಲ್ಲಿಗೆ ಕಟ್ಟಿಕೊಂಡು ಬಲೆಯಾಗುತ್ತೆ, ಮಣಿ ಒಳಗೇ ಉಳಿಯುತ್ತೆ. ಈ ಆಕಾರ ತಾಮ್ರಕ್ಕಿಲ್ಲ.

ಪ್ರಶ್ನೆ: ವಿಕಿರಣದ ಕಥೆ ಏನು ಸರ್?

ಉತ್ತರ: ಲ್ಯಾಬಿನ ಯುರೇನಿಯಂ ಬಹುಪಾಲು ಯುರೇನಿಯಂ-238. ಅದು ಅರ್ಧಕ್ಕಿಳಿಯಲು ಸುಮಾರು 450 ಕೋಟಿ ವರ್ಷ ಬೇಕು, ಅಷ್ಟು ನಿಧಾನ. ಅದರ ಆಲ್ಫಾ ಕಣ ಚರ್ಮವನ್ನೇ ದಾಟಲ್ಲ. ನಿಜವಾಗಿ ಹೆದರಬೇಕಾದ್ದು ಯುರೇನಿಯಂ ಲವಣದ ಹಳದಿ ಪುಡಿಯ ಧೂಳಿಗೆ. ಹೊಟ್ಟೆಗೋ ಉಸಿರಿಗೋ ಹೋದರೆ ಮೂತ್ರಪಿಂಡಕ್ಕೆ ಪೆಟ್ಟು. ನಾನು ವಿದ್ಯಾರ್ಥಿಗಳಿಗೆ ಪದೇ ಪದೇ ಹೇಳೋದು ಒಂದೇ: ಗ್ಲೌಸ್ ಹಾಕಿದ ಕೈಯಲ್ಲಿ ಮೊಬೈಲ್ ಮುಟ್ಟಬೇಡಿ. ಪುಡಿ ತೂಗೋದು ಫ್ಯೂಮ್ ಹುಡ್ (ಗಾಳಿಯನ್ನು ಹೊರಗೆ ಎಳೆಯೋ ಗೂಡು) ಒಳಗೆ, ತ್ಯಾಜ್ಯ ಬೇರೆ ಡಬ್ಬಿಗೆ, ಊಟದ ಡಬ್ಬಿ ಲ್ಯಾಬಿನ ಹೊರಗೆ. ಇಷ್ಟು ನಡೀತಿದೆಯಾ ಅಂತ ಮಗಳನ್ನೇ ಕೇಳಿ. ಇಲ್ಲ ಅಂದರೆ ಗೈಡ್ ಹತ್ತಿರ ಮಾತಾಡೋಕೆ ಹೇಳಿ, ಸಂಕೋಚ ಬೇಡ.

ಪ್ರಶ್ನೆ (ಇನ್ನೊಬ್ಬ ಸದಸ್ಯ): ಇದರಿಂದ ಉಪಯೋಗ?

ಉತ್ತರ: ಅಂಗಡಿಗೆ ಬರೋ ವಸ್ತು ಅಲ್ಲ. ಅಣು ಇಂಧನದ ತ್ಯಾಜ್ಯದಲ್ಲಿ ಯುರೇನಿಯಂ ಯಾರ ಕೈ ಹಿಡಿಯುತ್ತೆ, ಯಾರನ್ನು ಬಿಡುತ್ತೆ ಅಂತ ಗೊತ್ತಾದರೆ ಬೇರ್ಪಡಿಸೋಕೆ ದಾರಿ ಸಿಗುತ್ತೆ. ಅದನ್ನು ಹರಳೇ ಹೇಳಬೇಕು: ಎಕ್ಸ್-ರೇ ಹಾಯಿಸಿದರೆ ಒಳಗೆ ಯಾವ ಪರಮಾಣು ಎಲ್ಲಿದೆ ಅಂತ ಗೊತ್ತಾಗುತ್ತೆ. ವಾರಗಟ್ಟಲೆ ಅಲುಗಾಡಿಸದೆ ಇಟ್ಟ ಬಾಟಲಿಯ ತಳದಲ್ಲಿ, ಸಾಸಿವೆಗಿಂತ ಚಿಕ್ಕ ಹಳದಿ ಹರಳು ಕೂತಿರುತ್ತೆ. ಎಣ್ಣೆಯಲ್ಲಿ ಅದ್ದಿ, ಸೂಕ್ಷ್ಮದರ್ಶಕದ ಕೆಳಗೆ ನೈಲಾನ್ ಕುಣಿಕೆಯಲ್ಲಿ ಅದನ್ನು ಎತ್ತುವಾಗ ನಾನು ಈಗಲೂ ಉಸಿರು ಬಿಗಿಹಿಡೀತೀನಿ.