ಎಕ್ಸೆಂಪ್ಲಿಫಿಕೇಶನ್‌ಗೆ ಕನ್ನಡದಲ್ಲಿ ಏನನ್ನೋಣ? ಶುಕ್ರವಾರ ಅಚ್ಚಿಗೆ ಹೋಗಬೇಕು

ಎಲ್ಲರಿಗೂ ನಮಸ್ಕಾರ. ಅಮೆರಿಕದ ತತ್ತ್ವಜ್ಞ ನೆಲ್ಸನ್ ಗುಡ್‌ಮನ್ 1968ರಲ್ಲಿ ಪ್ರಕಟಿಸಿದ ‘ಲ್ಯಾಂಗ್ವೇಜಸ್ ಆಫ್ ಆರ್ಟ್’ ಬಗ್ಗೆ ಎಂ.ಎ. ವಿದ್ಯಾರ್ಥಿಗಳಿಗಾಗಿ ಒಂದು ಕಿರುಪುಸ್ತಕ ಅನುವಾದಿಸುತ್ತಿದ್ದೇನೆ. ಒಂದೇ ಒಂದು ಪದಕ್ಕೆ ಕೆಲಸ ನಿಂತಿದೆ. ಡಿನೋಟೇಶನ್‌ಗೆ (ಪದವೋ ಚಿತ್ರವೋ ಒಂದು ವಸ್ತುವನ್ನು ಗುರುತಿಸುವುದು) ‘ಸೂಚನೆ’ ಎಂದಿಟ್ಟುಕೊಂಡೆ. ಎಕ್ಸೆಂಪ್ಲಿಫಿಕೇಶನ್‌ಗೆ? ಗುಡ್‌ಮನ್ ಕೊಡುವುದು ದರ್ಜಿ ಅಂಗಡಿಯಲ್ಲಿ ತೋರಿಸುವ ಬಟ್ಟೆ ತುಂಡಿನ ಉದಾಹರಣೆ. ಬಣ್ಣ, ನೇಯ್ಗೆ, ಒರಟೋ ನುಣುಪೋ ಎಂಬುದು ಆ ತುಂಡಿನಿಂದ ತಿಳಿಯುತ್ತದೆ. ತುಂಡಿನ ಅಳತೆ, ಆಕಾರ ಮಾತ್ರ ಲೆಕ್ಕಕ್ಕಿಲ್ಲ. ತೋರಿಸುವ ಗುಣ ವಸ್ತುವಿನಲ್ಲೇ ಇರಬೇಕು, ವಸ್ತು ಅದರತ್ತ ಬೆರಳೂ ತೋರಬೇಕು; ಇದೇ ಎಕ್ಸೆಂಪ್ಲಿಫಿಕೇಶನ್. ‘ಉದಾಹರಿಸು’ ಎಂದರೆ ಆ ಕೆಲಸ ಮನುಷ್ಯನದಾಗುತ್ತದೆ, ಬಟ್ಟೆಯದಲ್ಲ. ನಿದರ್ಶನ, ದೃಷ್ಟಾಂತ ಎಂದರೆ ಅಲಂಕಾರಗಳು ಅಡ್ಡ ಬರುತ್ತವೆ.

ಮರು (ಮೈಸೂರು):
‘ವ್ಯಂಜನೆ’, ಅಂದರೆ ಮಾತು ನೇರವಾಗಿ ಹೇಳದ ಅರ್ಥವನ್ನು ಹೊಳೆಯಿಸುವ ಶಕ್ತಿ. 9ನೇ ಶತಮಾನದಲ್ಲಿ ಆನಂದವರ್ಧನ ಕಟ್ಟಿಕೊಟ್ಟ ಶಾಸ್ತ್ರವೇ ಇರುವಾಗ ಹೊಸ ಪದ ಯಾಕೆ? ಕವಿರಾಜಮಾರ್ಗಕಾರನೂ ಧ್ವನಿಯನ್ನು (ಹಾಗೆ ಹೊಳೆಯುವ ಅರ್ಥವನ್ನು) ಅಲಂಕಾರವೆಂದು ಎಣಿಸಿದ್ದಾನೆ. ವ್ಯಂಜನೆಯ ಧಾತು ‘ಅಂಜ್’, ಕಣ್ಣಿಗೆ ಹಚ್ಚುವ ಅಂಜನದ್ದೂ ಅದೇ. ಕಾಣದ್ದನ್ನು ಕಾಣಿಸುವುದು. ಚರ್ಚೆ ಮುಗಿಯಿತು.

ಮರು (ಶಿವಮೊಗ್ಗ):
ಮತ್ತೆ ಸಂಸ್ಕೃತವೇ! ಉದಾಹರಣೆಗೆ ‘ಎತ್ತುಗೆ’ ಎಂಬ ಕನ್ನಡದ್ದೇ ಪದವಿದೆ, ‘ಎತ್ತುಗೆಯಾಗು’ ಎಂದು ಬರೆಯಿರಿ. ನಾವೇ ಬಳಸದಿದ್ದರೆ ಅದು ಬಳಕೆಗೆ ಬರುವುದಾದರೂ ಯಾವಾಗ?

ಮರು (ಕೇಳಿದವರು):
ಮೇಷ್ಟ್ರೇ, ವ್ಯಂಜನೆಯನ್ನೇ ಮೊದಲು ಹಾಕಿ ನೋಡಿದೆ. ನಿಲ್ಲಲಿಲ್ಲ. ‘ಗಂಗಾಯಾಂ ಘೋಷಃ’ (ಗಂಗೆಯಲ್ಲಿ ಹಟ್ಟಿ) ತೆಗೆದುಕೊಳ್ಳಿ. ಹಟ್ಟಿ ನೀರಿನಲ್ಲಿರಲಾರದು, ಹಾಗಾಗಿ ಲಕ್ಷಣೆಯಿಂದ, ಅಂದರೆ ಸಂಬಂಧದ ಮೂಲಕ ಬರುವ ಅರ್ಥದಿಂದ, ದಡ ಬಂತು, ವ್ಯಂಜನೆಯಿಂದ ತಂಪು, ಪಾವನತ್ವ ಬಂದವು. ಆದರೆ ‘ಗಂಗಾ’ ಎಂಬ ಪದ ತಂಪಾಗಿಲ್ಲವಲ್ಲ! ವ್ಯಂಜನೆಯಿಂದ ಹೊಳೆದ ಗುಣ ಪದದಲ್ಲೇ ಇರಬೇಕೆಂದು ಆಲಂಕಾರಿಕರು ಎಲ್ಲಿಯೂ ಕೇಳುವುದಿಲ್ಲ. ಗುಡ್‌ಮನ್ ಕೇಳುವುದೇ ಅದನ್ನು: ಕೆಂಪನ್ನು ತೋರುವ ತುಂಡು ತಾನೇ ಕೆಂಪಾಗಿರಬೇಕು. ಎರಡನ್ನೂ ಒಂದೇ ಪದಕ್ಕೆ ಕಟ್ಟಿದರೆ ಮಕ್ಕಳಿಗೆ ಎರಡೂ ತಪ್ಪಾಗಿ ತಲುಪುತ್ತವೆ. ಇನ್ನು ‘ಎತ್ತುಗೆ’: ಅದೂ ಮಾತಿನ ನಡುವೆ ಎತ್ತಿ ಹೇಳುವುದೇ, ಉದಾಹರಣೆಯ ತೊಡಕೇ ಅದಕ್ಕೂ ಇದೆ.

ಮರು (ಧಾರವಾಡ):
ದರ್ಜಿ ಅಂಗಡಿಯೊಳಗ ನಿಂತು ಪದ ಹುಡುಕಾಕತ್ತೀರಿ, ಪದ ಅಲ್ಲೇ ಐತ್ರಿ. ನಮೂನಿ. ‘ಅರಿವಿ ನಮೂನಿ ತೋರಸ್ರಿ’ ಅಂತ ಯಾರು ಬೇಕಾದ್ರೂ ಕೇಳ್ತಾರ.

ಮರು (ಶಿವಮೊಗ್ಗ):
ಫಾರಸಿ. ಬೇಡ.

ಮರು (ಧಾರವಾಡ):
ಹಂಗಾದ್ರ ದರ್ಜಿನೂ ಬ್ಯಾಡ, ಜೇಬೂ ಬ್ಯಾಡ. ನಮೂನಿ ಬಂದ ದಾರಿಯೊಳಗ ಅವೂ ಬಂದಾವ. ಊರ ಮಂದಿ ಬಾಯಾಗ ಸವೆದ ಪದಕ್ಕ ಇನ್ನೂ ಪರದೇಶಿ ಅನ್ನೋದು ಅನ್ಯಾಯ.

ಮರು (ಮೈಸೂರು):
ಬಂದ ದಾರಿ ಇಲ್ಲಿ ಮುಖ್ಯವಲ್ಲ, ಈಗಿನ ಅರ್ಥ ಮುಖ್ಯ. ‘ನಮೂನೆ’ ಎಂದರೆ ಹಳ್ಳಿಯ ಓದುಗನಿಗೆ ಬಗರ್ ಹುಕುಂ ಅರ್ಜಿಯ ನಮೂನೆ 57 ನೆನಪಾಗುತ್ತದೆ. ವ್ಯಂಜನೆಯ ವಿಷಯದಲ್ಲಿ ನಿಮ್ಮ ಆಕ್ಷೇಪ ಒಪ್ಪಿದೆ. ‘ಮಾದರಿ’ ನೋಡಿ.

ಮರು (ಕೇಳಿದವರು):
‘ಮಾದರಿ’ ಹಾಕಿಯೇ ಒಂದು ಪುಟ ಬರೆದು ನೋಡಿದೆ. ‘ಈ ತುಂಡು ಕೆಂಪಿಗೆ ಮಾದರಿ’ ಎಂದ ಕೂಡಲೇ ಉಳಿದ ಕೆಂಪುಗಳೆಲ್ಲ ಅದನ್ನು ನೋಡಿ ಕಲಿಯಬೇಕು ಎನ್ನುವ ಧ್ವನಿ ಬರುತ್ತದೆ, ಮಾದರಿ ಶಾಲೆಯ ಹಾಗೆ. ‘ನಮೂನೆ’ಯಲ್ಲಿ ಆ ಭಾರವಿಲ್ಲ. ಅರ್ಜಿಯ ಅರ್ಥ ಇದೆ, ನಿಜ, ಆದರೆ ಚತುರ್ಥಿ ಹಚ್ಚಿದರೆ ಅದು ಕಳಚಿಕೊಳ್ಳುತ್ತದೆ: ‘ತುಂಡು ಬಣ್ಣಕ್ಕೆ ನಮೂನೆ, ಅಳತೆಗಲ್ಲ.’ ಗುಡ್‌ಮನ್ ಒಂದು ಪುಟದಲ್ಲಿ ಬಿಡಿಸುವುದನ್ನು ನಮ್ಮ ‘ಕ್ಕೆ’ ಒಂದೇ ಸಾಲಿನಲ್ಲಿ ಹಿಡಿದಿದೆ. ಇದನ್ನೇ ಇಡುತ್ತೇನೆ.

ಒಂದು ತೊಡಕು ಉಳಿಯಿತು. ಮಂಕು ಬೂದು ಬಣ್ಣದ ಚಿತ್ರ ದುಃಖವನ್ನು ಅಭಿವ್ಯಕ್ತಿಸುವುದೂ ಗುಡ್‌ಮನ್ ಲೆಕ್ಕದಲ್ಲಿ ಎಕ್ಸೆಂಪ್ಲಿಫಿಕೇಶನ್ನೇ: ಬೂದು ಚಿತ್ರದಲ್ಲಿ ನಿಜವಾಗಿ ಇದೆ, ದುಃಖ ರೂಪಕವಾಗಿ ಇದೆ. ‘ಚಿತ್ರ ದುಃಖಕ್ಕೆ ನಮೂನೆ’ ಎಂದು ಬರೆಯಲು ಕೈ ಬರುತ್ತಿಲ್ಲ. ಗುರುವಾರ ರಾತ್ರಿಯವರೆಗೆ ಸಮಯವಿದೆ.