"ಉತ್ತರ ಏನ್ ಬರಬೇಕ್ರಿ, ಬರಸಿಬಿಡ್ರಿ" ಅನ್ನೂ ಹುಡುಗ್ರಿಗೆ ಪ್ರಯೋಗ ಹೆಂಗ ಹಚ್ಚಿಸ್ಲಿ?

ಮುಧೋಳ ಟೀಚರ್: 9ನೇ ಕ್ಲಾಸಿಗೆ ವಿಜ್ಞಾನ ತಗೋತೇನ್ರಿ. ನೀವ ಪ್ರಶ್ನೆ ಹಾಕ್ರಿ, ನೀವ ಮಾಡಿ ಹುಡುಕ್ರಿ ಅಂದ್ರ ಎರಡು ದಿನ ಹುರುಪು, ಮೂರನೇ ದಿನಕ್ಕ ಕೈ ಕಟ್ಟಿ ಕುಂದರತಾರ. ಯಾರರ ಮಾಡಿ ನೋಡೀರೇನು?

ವಿಜಯಪುರ ಸರ್: ಅಭಿಸರಣೆ (ತೆಳು ಪೊರೆ ದಾಟಿ ನೀರು ಒಳಗ-ಹೊರಗ ಹೋಗೂದು) ಅಂದ್ರ ನಮ್ಮಲ್ಲೂ ಯಾರೂ ಕಿವಿ ಕೊಡ್ತಿರಲಿಲ್ಲ. ಎಲ್ಲಾರೂ ದ್ರಾಕ್ಷಿ ತ್ವಾಟದ ಮಕ್ಕಳು, ಒಣದ್ರಾಕ್ಷಿ ನೀರಾಗ ಉಬ್ಬೂದು ನೋಡಿದವ್ರ, ಒಂದು ಹುಡುಗಿ "ಉಬ್ಬಿದ್ದನ್ನ ಸಕ್ರಿ ಪಾಕಕ್ಕ ಹಾಕಿದ್ರ ತಿರುಗಿ ಸುಕ್ಕ ಆಗತಾವೇನ್ರಿ" ಅಂದ್ಲು, ನಾ ಉತ್ತರ ಹೇಳಲಿಲ್ಲ. ಅರ್ಧ ಕೆಜಿ ದ್ರಾಕ್ಷಿ, ಎರಡು ಕೆಜಿ ಸಕ್ರಿ, ತಕ್ಕಡಿ ಸೆಲ್, 310 ರೂಪಾಯಿ ನನ್ನ ಕಿಸೆಯಿಂದ. ಮೊದಲ ಸಲ ತೂಗೂ ಮೊದಲ ತಿಂದಬಿಟ್ರು, ಎರಡನೇ ಸಲ ರಾತ್ರಿ ಇರುವಿ ಮುತ್ತಿ ಎಲ್ಲಾ ಹಾಳು. ಮೂರನೇ ಸಲ ಬೆಲ್ ಹೊಡೆಯೂ ಮೊದಲ ಬಾಗಲದಾಗ ನಿಂತಿದ್ರು ನೋಡ್ರಿ!

ಬಾಗಲಕೋಟೆ ಮಾಸ್ತರ: ಹುರುಪು ಖರೆ, ಪಾಠ ಯಾರು ಮುಗಸ್ತಾರ? ನಾನೂ ಲೋಲಕ, ಅಂದ್ರ ದಾರಕ್ಕ ಕಟ್ಟಿ ತೂಗಬಿಟ್ಟ ಗುಂಡು, ಅವ್ರ ಕೈಗೆ ಬಿಟ್ಟಿದ್ದೆ. ಗುಂಡು ಭಾರ ಇದ್ರ ಲಗೂ ತೂಗತೈತಿ ಅಂತ ಎಲ್ಲಾರೂ ಹಟ, ಒಂದೊಂದ ಆಂದೋಲನದ (ಒಂದ ಸಲ ಹೋಗಿ ಬರೂದರ) ಹೊತ್ತು ಅಳದು ಆರು ಗುಂಪಿಗೆ ಆರು ಉತ್ತರ. 20 ಆಂದೋಲನದ ಹೊತ್ತು ಅಳದು 20ರಿಂದ ಭಾಗಿಸ್ರಿ ಅಂತ ಕಡೀಗೆ ನಾನ ಹೇಳಬೇಕಾತು, ಮೀಟರ್ ದಾರಕ್ಕ 2 ಸೆಕೆಂಡ್ ಬಂತು, ಭಾರ ಬದಲಿ ಮಾಡಿದ್ರೂ ಅಷ್ಟ. ಐದು ಪೀರಿಯಡ್ ಹೋದವು! ಎಸ್ಸೆಸ್ಸೆಲ್ಸಿಯೊಳಗ ಬರೆಯೂ ಪರೀಕ್ಷೆ 80, ಆಂತರಿಕ ಬರೇ 20.

ವಿಜಯಪುರ ಸರ್: ಆ 20 ಎಣಿಸೂದನ್ನ ಮೊದಲ ಹೇಳಬೇಕಿತ್ರಿ. ಅಳಿಯೂದು ಕಲಸದ ಬಿಟ್ರ ಮಕ್ಕಳು ಸೋತ ಹೋಗತಾರ.

ಬಾಗಲಕೋಟೆ ಮಾಸ್ತರ: 64 ಮಕ್ಕಳು, ಒಂದ ಸ್ಟಾಪ್‌ವಾಚ್, ಬಂದು ಕಲಸ್ರಿ. ಮತ್ತ ಕಿಸೆಯಿಂದ ರೊಕ್ಕ ಹಾಕೂ ರೂಢಿ ಹಚ್ಚಬ್ಯಾಡ್ರಿ, ನಾಳೆ ಎಲ್ಲಾರ ತಲೀಮ್ಯಾಲೆ ಬರತೈತಿ.

ವಿಜಯಪುರ ಸರ್: ನನ್ನ ರೊಕ್ಕ, ನನ್ನ ಹುಡುಗ್ರು. ನಿಮಗೇನ್ ತ್ರಾಸು?

ಗೋಕಾಕ ಸರ್: ರೊಕ್ಕದ ಮಾತು ಬಿಡ್ರಿ. ನಮ್ಮಲ್ಲೊಬ್ಬ ಹುಡುಗ ತಮ್ಮ ಹೊಲದ ಸವಳು ಮಣ್ಣು ಚೀಲದಾಗ ಕಟಗೊಂಡು ಬಂದಿದ್ದ, ಅರಿಷಿಣ ಹಚ್ಚಿದ ಹಾಳಿ ಸುಣ್ಣಕ್ಕ ಆಗೂಹಂಗ ಕೆಂಪ ಆಗತೈತಿ ಅಂತ. ಹಳದಿನ ಉಳೀತು. ಮಣ್ಣಾಗ ಉಪ್ಪು ಜಾಸ್ತಿ ಇದ್ದ ಮಾತ್ರಕ್ಕ ಹಾಳಿ ಕೆಂಪ ಆಗೂವಷ್ಟು ಕ್ಷಾರ ಇರತೈತಿ ಅಂತಿಲ್ಲ, ಅದ ಪಾಠ ಆಗಬೇಕಿತ್ತು. ನಾ ಹೊತ್ತಾತು ಅಂತ "ತಪ್ಪ ಬಂದೈತಿ, ಚೆಲ್ಲು" ಅಂದೆ. ಮುಂದ ಅವ ಏನೂ ತರಲಿಲ್ಲ. ಇನ್ನೂ ಚುಚ್ಚತೈತಿ.

ಮುಧೋಳ ಟೀಚರ್: ಅವ ಸಾಲ್ಯಾಗ ಅದಾನೇನ್ರಿ? ಈಗರ ಕರದು ಹೇಳ್ರಿ.

ಗೋಕಾಕ ಸರ್: 10ಕ್ಕ ಬಂದಾನ್ರಿ. ಮೊನ್ನೆ ಕರದೆ. "ಪರೀಕ್ಷೆಗೆ ಬರತೈತೇನ್ರಿ ಸರ್" ಅಂತ ಕೇಳಿದ.