ಸಹಾಯ ಬೇಕು: ತಡವಾಗಿ ಬರೋ ಲಾರಿ ಬಾಡಿಗೆ ಬಿಲ್ಲಿನ ವ್ಯತ್ಯಾಸ ಎಲ್ಲಿ ಹಾಕೋದು?

ಗುಡ್ಡಗಾಡು ಹಳ್ಳಿಗಳಲ್ಲಿ ಒಂದೇ ಅಂಗಡಿಯ ಲೆಕ್ಕ ನಂಬಿಕೊಂಡು ಅಕೌಂಟೆಂಟ್ ಕೆಲಸ ಸಾಗಲ್ಲ, ಆರೇಳು ಕಡೆಯದ್ದು ಸೇರಿಸಿಕೊಂಡು ಬರೀಬೇಕು. ಅದು ಹೇಗೋ ನಡೀತಿದೆ. ತೊಡಕು ಬಾಡಿಗೆ ಬಿಲ್ಲಿಂದು.

ಮಾಲು 28ಕ್ಕೆ ಇಳಿಯುತ್ತೆ, ಮಾಲಿನ ಬಿಲ್ಲೂ ಜೊತೆಗೇ ಇರುತ್ತೆ. ಬಾಡಿಗೆ ಬಿಲ್ಲು ಮಾತ್ರ ಮುಂದಿನ ತಿಂಗಳು 12ರ ಸುಮಾರಿಗೆ. ಗುಡ್ಡ ಕುಸಿದು ದಾರಿ ಮುಚ್ಚಿದ್ರೆ ಇನ್ನೂ ತಡ. ಲೆಕ್ಕ 5ಕ್ಕೇ ಮುಚ್ಚಿರ್ತೀನಿ.

ಬಿಲ್ಲು ಬಂದ ತಿಂಗಳಿಗೇ ಹಾಕಿ ನೋಡಿದೆ. ಘಾಟಿ ಬಾಡಿಗೆ ದೊಡ್ಡ ಖರ್ಚು, ಹಾಗಾಗಿ ಒಂದು ತಿಂಗಳು ಲಾಭ ಉಬ್ಬುತ್ತೆ, ಮುಂದಿನದು ಸೊರಗುತ್ತೆ. ಈಗ ತೂಕ ಗುಣಿಸು ದರ ಅಂತ ಅಂದಾಜು ಮಾಡಿ, ಸಾಗಾಣಿಕೆ ಡೆಬಿಟ್, ಬಾಕಿ ಖರ್ಚು ಕ್ರೆಡಿಟ್. ಮುಂದಿನ ತಿಂಗಳ 1ನೇ ತಾರೀಖಿನ ರಿವರ್ಸಲ್ ಎಂಟ್ರಿ (ಆ ಅಂದಾಜನ್ನ ಉಲ್ಟಾ ಹಾಕಿ ರದ್ದು ಮಾಡೋದು) ಅದೇ ಹೊತ್ತಿಗೆ ಹಾಕಿಬಿಡ್ತೀನಿ, ಮರೆತ್ರೆ ಬಾಡಿಗೆ ಎರಡು ಸಲ ಬೀಳುತ್ತೆ.

ಸಿಕ್ಕಿಕೊಂಡಿರೋದು ಇಲ್ಲಿ: 100 ಮೂಟೆಗೆ ಅಂದಾಜು 8,000. ತಿಂಗಳ ಕೊನೆಗೆ 40 ಮಾರಾಟ, ಉಳಿದ 60ರ ಸ್ಟಾಕ್ ಬೆಲೆಗೆ 4,800 ಬಾಡಿಗೆ ಸೇರಿಸಿದ್ದೀನಿ. ಬಿಲ್ಲು ಬಂದಿದ್ದು 9,500. ರಿವರ್ಸಲ್ ಆದ್ಮೇಲೆ 1,500 ಪೂರ್ತಿ ಈ ತಿಂಗಳ ಖರ್ಚಲ್ಲಿ ಕೂತಿದೆ. ಆ 60 ಮೂಟೆ ಇನ್ನೂ ಗೋಡೌನಲ್ಲೇ ಇವೆ.

ಇದರಲ್ಲಿ 900 ಸ್ಟಾಕಿಗೆ, 600 ಖರ್ಚಿಗೆ ಅಂತ ಒಡೀಬೇಕಾ? ಒಡೆಯೋದಾದ್ರೆ, ವ್ಯತ್ಯಾಸ ಅಂದಾಜಿನ ಶೇಕಡಾ ಎಷ್ಟರೊಳಗಿದ್ರೆ ನೀವು ಹಾಗೇ ಬಿಡ್ತೀರಿ?